ಹಾಲಪ್ಪನ ಕಾಲ್ಮರಿ

ಬೆಳಗಿನ ಹೊತ್ತು. ಅಂಗಳದ ಬೇವಿನ ನೆರಳು ಪಡಸಾಲೆಯೊಳಗೆ ಬಂದು ಉದ್ದಕ್ಕೆ ಕಾಲು ಚಾಚಿರುತ್ತದೆ. ನಾನು ಪತ್ರಿಕೆಯನ್ನು ಮುಖದ ಮುಂದೆ ಹಿಡಿದು, ಕಣ್ಣು ಮುಚ್ಚಿ, ದೇಶದ ಸ್ಥಿತಿಗತಿಯನ್ನು ಕುರಿತು ಚಿಂತಿಸುತ್ತಿರುತ್ತೇನೆ. ನನ್ನ ಹೆಂಡತಿ ಪಾರ್ವತಿ ಇದನ್ನು ತೂಕಡಿಕೆ ಎನ್ನುತ್ತಾಳೆ. ಆಗ ಓಣಿಯ ಆ ತುದಿಯಲ್ಲಿ ಒಂದು ಸದ್ದು ಹೊರಟು, ಅವಸರವೇನೂ ಇಲ್ಲದೆ, ನನ್ನ ಚಿಂತನೆಯೊಳಕ್ಕೆ ನಡೆದು ಬರುತ್ತದೆ. ಜೀರ್... ಜೀರ್... ಜೀರ್...

ಎಣ್ಣೆ ಕುಡಿದ ಚರ್ಮದ ಸದ್ದು ಅದು. ಕುರಿಗಳ ಹಿಂದೆ ಹಗಲೆಲ್ಲ ಅಲೆಯುವವರು ಕೊಟ್ಟೂರಿನಲ್ಲಿ ಹೇಳಿ ಹೊಲಿಸಿಕೊಳ್ಳುವ, ಟೈರಿನ ಅಟ್ಟೆಯ, ಒಂದೊಂದೂ ಎಳೆಗರುವಿನಷ್ಟು ಭಾರದ ಕಾಲ್ಮರಿ. ಹಾಲಪ್ಪ ಬರುವುದಕ್ಕೆ ಮೂವತ್ತು ಮಾರು ಮೊದಲೇ ಅವನ ಕಾಲ್ಮರಿ ಬರುತ್ತದೆ. ಅಡುಗೆಮನೆಯಲ್ಲಿ ಪಾರ್ವತಿ ಚಹಾದ ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿಯುತ್ತಾಳೆ. ನಾನು ಕಣ್ಣು ತೆರೆಯುವುದಿಲ್ಲ. ಆ ಸದ್ದು ಬಾಗಿಲಿಗೆ ಬರುವಷ್ಟರಲ್ಲಿ ನಾನು ಕೂಡ್ಲಿಗಿಯಿಂದ ಹೊರಟು, ಅರವತ್ತು ವರ್ಷ ಹಿಂದಕ್ಕೆ ಹೋಗಿ, ತಂಬ್ರಹಳ್ಳಿಯ ಮಧ್ಯಾಹ್ನದ ಬಿಸಿಲಲ್ಲಿ ಒಂದು ಸುತ್ತು ಹಾಕಿ ವಾಪಸು ಬರಬೇಕಿರುತ್ತದೆ.

ಒಂದು ಜೊತೆ ಚಪ್ಪಲಿಯ ಸದ್ದಿಗೆ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬ ಇಷ್ಟು ಪೀಠಿಕೆ ಹಾಕುವುದೇಕೆ ಎಂದು ನೀವು ಕೇಳುವುದು ನ್ಯಾಯವೇ. ಆ ಸದ್ದು ನಡುವೆ ಒಂದೂವರೆ ವರ್ಷ ನಿಂತುಹೋಗಿತ್ತು. ನಿಂತದ್ದು ನನ್ನಿಂದ. ಅದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮೊದಲು ನನ್ನ ಪದವಿಯನ್ನು ತಿಳಿಸಿಬಿಡುತ್ತೇನೆ. ನಾನು ಕೂಡ್ಲಿಗಿಯ ನಾಸ್ತಿಕ. ಬಸ್ ಸ್ಟ್ಯಾಂಡಿನಲ್ಲಿ ಇಳಿದು 'ದೇವರಿಲ್ಲ ಮಾಸ್ತರ ಮನಿ ಎಲ್ಲಿ' ಎಂದು ಕೇಳಿದರೆ ಸಾಕು, ಹಣೆಗೆ ಮೂರು ಬೆರಳು ವಿಭೂತಿ ಬಳಿದವರೇ ಮುಂದೆ ಬಂದು ಮನೆಯವರೆಗೆ ಬಿಟ್ಟುಹೋಗುತ್ತಾರೆ. ಊರಿಗೊಂದು ಕೆರೆ, ಒಂದು ಅಂಚೆ ಕಚೇರಿ ಇದ್ದಂತೆ ಒಬ್ಬ ನಾಸ್ತಿಕನೂ ಇರಲಿ ಎಂದು ಜನ ನನ್ನನ್ನು ಇಟ್ಟುಕೊಂಡಿದ್ದಾರೆ. ನಾನೂ ಕಟ್ಟುನಿಟ್ಟಿನವನಲ್ಲ. ಯಾರ ಮನೆಯ ಪೂಜೆಗೂ ಹೋಗುವುದಿಲ್ಲ, ಯಾರ ಮನೆಯ ಪ್ರಸಾದವನ್ನೂ ಬಿಡುವುದಿಲ್ಲ.

ಮನೆಯೊಳಗೂ ಒಂದು ಒಪ್ಪಂದವಿದೆ. ಅಡುಗೆಮನೆಯ ಹೊಸ್ತಿಲಿನಿಂದ ಒಳಗೆ ದೇವರಿದ್ದಾನೆ. ಹೊರಗೆ, ಪಡಸಾಲೆಯಲ್ಲಿ, ಇಲ್ಲ. ಗಡಿಯನ್ನು ಉಲ್ಲಂಘಿಸುವುದು ಊದುಬತ್ತಿಯ ಹೊಗೆಯೊಂದೇ. ಮದುವೆಯಾದ ಹೊಸತರಲ್ಲಿ ನಾನು ಇದರ ವಿರುದ್ಧ ಗಂಭೀರವಾಗಿ ಪ್ರತಿಭಟಿಸಿದೆ. "ಕಿಟಕಿ ತೆಗೀರಿ, ಹೋಗ್ತೈತೆ" ಎಂದಳು. ಅವಳು ಹರಪನಹಳ್ಳಿಯವಳು. ನಮ್ಮ 'ಐತಿ' ಅವಳ ಬಾಯಲ್ಲಿ 'ಐತೆ' ಆಗುವುದೊಂದನ್ನು ಬಿಟ್ಟರೆ ನಾಲ್ಕು ದಶಕದಲ್ಲಿ ನಮ್ಮ ನಡುವೆ ಹೇಳಿಕೊಳ್ಳುವಂಥ ಗಡಿ ತಂಟೆ ನಡೆದಿಲ್ಲ.

ನಾನು ನಾಸ್ತಿಕನಾದದ್ದು ಪುಸ್ತಕ ಓದಿ ಅಲ್ಲ, ಹೋಳಿಗೆ ತಿಂದು. ತಂಬ್ರಹಳ್ಳಿಯ ನಮ್ಮ ಮನೆಯಲ್ಲಿ ಹಬ್ಬದ ದಿನ ದೇವರ ಮುಂದೆ ಎಡೆ ಇಟ್ಟು ಅವ್ವ ನೀರು ತರಲು ಹೋಗಿದ್ದಳು. "ಎಡಿ ಎಂಜಲು ಮಾಡಿದ್ರ ಕಣ್ಣು ಹೋಗ್ತಾವು ನೋಡು" ಎಂದು ಎಚ್ಚರಿಸಿಯೇ ಹೋಗಿದ್ದಳು. ತುಪ್ಪದ ವಾಸನೆ ಮಾತ್ರ ಅವಳ ಜೊತೆಗೆ ಹೋಗದೆ ನನ್ನ ಹತ್ತಿರವೇ ಉಳಿಯಿತು. ಎಂಟು ವರ್ಷದ ನನ್ನ ವಿವೇಕ ಅದರೆದುರು ಬಹಳ ಹೊತ್ತು ನಿಲ್ಲಲಿಲ್ಲ. ತಿಂದೆ. ತಿಂದು ಹಿತ್ತಲಿಗೆ ಓಡಿ ಗೋಡೆಗೆ ಒರಗಿ ಕೂತು, ಕಣ್ಣು ಹೋಗುವುದನ್ನು ಕಾಯತೊಡಗಿದೆ.

ಅಲ್ಲಿಗೆ ಹಾಲಪ್ಪ ಬಂದ. ಕುರಿ ಕಾಯುವವರ ಮನೆಯ ಹುಡುಗ, ನನ್ನದೇ ತರಗತಿ, ನನ್ನದೇ ಬೆಂಚು. ನಡೆದದ್ದನ್ನು ಹೇಳಿದೆ. ಅವನು ಭಯಭಕ್ತಿಯಿಂದ ನನ್ನ ಎರಡೂ ಕಣ್ಣುಗಳನ್ನು ಅಗಲಿಸಿ ನೋಡಿ, "ಇನ್ನೂ ಅದಾವು" ಎಂದ. ಆಮೇಲೆ ಯೋಚಿಸಿ, "ಹೋಗಾದು ಖರೆ. ಈಗಿನಿಂದ ರೂಢಿ ಮಾಡ್ಕ ಬಾ" ಎಂದ.

ಆ ಮಧ್ಯಾಹ್ನವೆಲ್ಲ ನಾನು ಕಣ್ಣು ಮುಚ್ಚಿಕೊಂಡು ಕುರುಡನಾಗುವುದನ್ನು ಅಭ್ಯಾಸ ಮಾಡಿದೆ. ಅವನು ಕೈ ಹಿಡಿದು ಊರು ಸುತ್ತಿಸಿದ. ರೆಪ್ಪೆಯ ಒಳಗೆ ಬಿಸಿಲು ಕೆಂಪಾಗಿ ತೇಲುತ್ತಿತ್ತು. ಎಲ್ಲೋ ಯಾರೋ ಶೇಂಗಾ ಬಡಿಯುತ್ತಿದ್ದರು. ಬಾವಿಯ ಗಾಲಿ ಕಿರುಗುಟ್ಟುತ್ತಿತ್ತು. ಕಣ್ಣು ಮುಚ್ಚಿದರೆ ನಮ್ಮ ಊರು ಅಷ್ಟು ದೊಡ್ಡದಿದೆ ಎಂದು ನನಗೆ ಅಂದೇ ತಿಳಿದದ್ದು. ಹಾಲಪ್ಪನ ಅಂಗೈಯಿಂದ ಉಣ್ಣೆಯ, ಕುರಿಯ ಹಾಲಿನ ವಾಸನೆ ಬರುತ್ತಿತ್ತು. "ಎಡಕ್ಕ ಬಾ, ಕಲ್ಲೈತಿ. ಕಾಲೆತ್ತು, ಕಾಲ್ವಿ ಐತಿ. ಹೆದರಬ್ಯಾಡಲೇ, ಕಣ್ಣು ಹೋದ್ರೂ ನಾನದೀನಿ. ದಿನಾ ಸಾಲಿಗೆ ಹಿಂಗ ಕರಕೊಂಡು ಹೋಗ್ತೀನಿ" ಎನ್ನುತ್ತಿದ್ದ. ಗುಡಿಯ ಕಂಬಕ್ಕೆ ಹಣೆ ಬಡಿದು ಒಂದು ಬೋರೆ ಎದ್ದದ್ದು ಬಿಟ್ಟರೆ ಸಂಜೆಯವರೆಗೂ ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಕಣ್ಣು ತೆರೆದೆ. ಎಲ್ಲವೂ ಕಂಡಿತು. ನಾನು ದೇವರಿಲ್ಲ ಎಂದು ತೀರ್ಮಾನಿಸಿದೆ. ದೇವರು ಬಹಳ ಒಳ್ಳೆಯವನು ಎಂದು ಹಾಲಪ್ಪ ತೀರ್ಮಾನಿಸಿದ. ಪ್ರಯೋಗ ಒಂದೇ, ಫಲಿತಾಂಶ ಎರಡು. ಅದಾದ ಮೇಲೆ ಇಬ್ಬರೂ ಇನ್ನೊಂದು ಪ್ರಯೋಗ ಮಾಡಲಿಲ್ಲ.

ಮುಂದೆ ನಾನು ನೌಕರಿಗೆಂದು ಕೂಡ್ಲಿಗಿಗೆ ಬಂದೆ. ಅವನು ಹೆಂಡತಿಯ ತವರಿನ ಹೊಲ, ಕುರಿ ನೋಡಿಕೊಳ್ಳಲು ಊರಾಚೆಯ ಹಟ್ಟಿಗೆ ಬಂದ. ದಿನಾ ಬೆಳಿಗ್ಗೆ ಹಾಲು ಕೊಟ್ಟು, ಚಹಾ ಕುಡಿದು, ನನ್ನನ್ನು ಎರಡು ಮಾತು ಬೈದು ಹೋಗುವುದು ಅವನ ಪದ್ಧತಿ.

ಎರಡೂವರೆ ವರ್ಷದ ಹಿಂದೆ ನನಗೆ ಲಕ್ವ ಹೊಡೆಯಿತು. ಎಡಗಾಲು ನನ್ನದಲ್ಲ ಎಂಬಂತೆ ಬೇರೆ ಕಡೆ ನೋಡತೊಡಗಿತು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಒಯ್ದರು. ಮತ್ತೆ ನಡೆಯುತ್ತೇನೋ ಇಲ್ಲವೋ ಈಗಲೇ ಹೇಳಲಾಗದು ಎಂದರಂತೆ ಡಾಕ್ಟರು. ನನಗೆ ಅದೆಲ್ಲ ಮಂಜಿನ ಆಚೆಗೆ ಯಾರೋ ಮಾತಾಡಿಕೊಂಡಂತೆ ಮಾತ್ರ ನೆನಪಿದೆ. ಆರು ತಿಂಗಳಾಗುವಷ್ಟರಲ್ಲಿ ಕೋಲು ಹಿಡಿದು, ಆಮೇಲೆ ಕೋಲು ಬಿಟ್ಟು, ಕಾಲನ್ನು ಸ್ವಲ್ಪ ಎಳೆಯುತ್ತ ನಡೆದಾಡುವಂತಾದೆ.

ನಡೆದಾಡುವಂತಾದ ಕೂಡಲೇ ಭಾಷಣ ಮಾಡಿದೆ. ನಾನೇನೂ ಬಯಸಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ನಮ್ಮ ಪಡಸಾಲೆಯಲ್ಲಿ ಸೇರಿ ಹಾರ ಹಾಕಿದರು. ಕೊರಳಿಗೆ ಹಾರ ಬಿದ್ದರೆ ಮೇಷ್ಟ್ರ ಬಾಯಿ ತಾನಾಗಿಯೇ ತೆರೆಯುತ್ತದೆ. "ನನ್ನನ್ನು ನಡೆಸಿದ್ದು ಹೊತ್ತಿಗೆ ಸರಿಯಾಗಿ ಬಿದ್ದ ಇಂಜೆಕ್ಷನ್ನು, ಮತ್ತು ಕಾಲು ತಿರುವಿ ತಿರುವಿ ನನ್ನಿಂದ ಕಣ್ಣೀರು ಹಾಕಿಸಿದ ಫಿಸಿಯೋಥೆರಪಿಯ ಆ ಹೆಣ್ಣುಮಗಳು. ಇದರಲ್ಲಿ ಪಾಲುಂಟು ಎನ್ನುವ ದೇವರು ಯಾರಾದರೂ ಇದ್ದರೆ ದಯವಿಟ್ಟು ಎದ್ದು ನಿಲ್ಲಲಿ" ಎಂದೆ. ಯಾವ ದೇವರೂ ಎದ್ದು ನಿಲ್ಲಲಿಲ್ಲ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕೂತ ಹಾಲಪ್ಪನೂ ತಟ್ಟಿದ. ತಟ್ಟುವಾಗ ಅವನು ಕಾಲುಗಳನ್ನು ಧೋತರದ ಒಳಕ್ಕೆ ಎಳೆದುಕೊಂಡದ್ದು ನನಗೆ ಕಾಣಿಸಿತು. ಚಳಿಯಿರಬೇಕು ಎಂದುಕೊಂಡೆ. ಬೇಸಿಗೆ ಅದು.

ಅದೇ ದಿನಗಳಲ್ಲಿ ನನ್ನ ಕಿವಿ ಮಂದವಾಯಿತೆಂದು ನನಗೆ ಸಂಶಯ ಹುಟ್ಟಿತು. ಹಾಲಪ್ಪ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಪತ್ರಿಕೆ ಕೆಳಗಿಳಿಸಿದರೆ ಎದುರಿಗೆ ಕೂತಿರುತ್ತಿದ್ದ. ಜೀರ್ ಎನ್ನುವ ಸದ್ದು ಹೋಗಿಬಿಟ್ಟಿತ್ತು. ಸದ್ದು ಕೇಳದಿದ್ದರೆ ಒಂದೋ ಕಿವಿ ಕೆಟ್ಟಿರಬೇಕು, ಇಲ್ಲವೇ ಸದ್ದೇ ಇರಬಾರದು. ತರ್ಕ ಇಷ್ಟೇ. ನಾನು ಇದರ ಮೊದಲನೆಯ ಅರ್ಧವನ್ನು ಹಿಡಿದುಕೊಂಡು ಹೊಸಪೇಟೆಗೆ ಹೋಗಿ ಕಿವಿ ತೊಳೆಸಿಕೊಂಡು ಬಂದೆ. ಎರಡನೆಯ ಅರ್ಧ ನನ್ನ ಬಾಗಿಲಲ್ಲೇ ಇತ್ತು. ಯಾರೇ ಬಂದರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಬರುವ ಊರಿನಲ್ಲಿ, ಬಿಡಲು ಚಪ್ಪಲಿಯೇ ಇಲ್ಲದೆ ಬಂದವನನ್ನು ಗುರುತಿಸುವುದು ಹೇಗೆ? ಎದ್ದು ಹೋಗಿ ಹೊರಗೆ ಒಮ್ಮೆ ನೋಡಬಹುದಿತ್ತು. ಮಕ್ಕಳಿಗೆ 'ಗಮನಿಸಿ, ದಾಖಲಿಸಿ, ನಿರ್ಣಯಿಸಿ' ಎಂದು ಬೋರ್ಡಿನ ಮೇಲೆ ಬರೆಸಿದವನು ನಾನೇ.

ಅಷ್ಟೇ ಅಲ್ಲ. ಅಟ್ಟದ ಮೇಲೆ ಏನನ್ನೋ ಹುಡುಕುವಾಗ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಜೊತೆ ಕಾಲ್ಮರಿ ಸಿಕ್ಕಿತ್ತು. ಹರಳೆಣ್ಣೆ ಹಚ್ಚಿ ಹಚ್ಚಿ ಮೆತ್ತಗೆ ಮಿರುಗುತ್ತಿದ್ದವು. "ಯಾರವು?" ಎಂದು ಕೇಳಿದೆ. "ಯಾರವೋ" ಎಂದಳು ಪಾರ್ವತಿ. ನಾನು ಒಪ್ಪಿಕೊಂಡೆ. ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಊರಿಗೆಲ್ಲ ಹೇಳುವ ನಾನು ಇಡೀ ಜೀವಮಾನದಲ್ಲಿ ಪುರಾವೆಯಿಲ್ಲದೆ ನಂಬಿದ್ದು ಹೆಂಡತಿಯ ಮಾತೊಂದನ್ನೇ.

ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಹಾಲಪ್ಪ ಒಂದು ವಾರ ಬರಲಿಲ್ಲ. ಬೇರೆ ಯಾರೋ ಹಾಲು ತಂದು ಕೊಟ್ಟು ಹೋದರು. ಪಾರ್ವತಿಯ ಪೂಜೆಯ ಗಂಟೆ ದಿನೇ ದಿನೇ ಜೋರಾಗತೊಡಗಿತು. ಎಂಟನೆಯ ದಿನ ಅವಳು ಅಟ್ಟದಿಂದ ಆ ಗಂಟು ತಂದು ನನ್ನ ಪತ್ರಿಕೆಯ ಮೇಲೇ ಬಿಚ್ಚಿದಳು.

"ಇವು ಯಾರವು ಹೇಳ್ರಿ."

"ನೀನೇ ಯಾರವೋ ಅಂದಿದ್ದೆ."

"ಯಾರವೋ ಅಂದ್ರೆ ಯಾರವು ಅಂತ ಗೊತ್ತಾಗಬಾರದೇನ್ರಿ? ಅಷ್ಟು ಸೈನ್ಸ್ ಓದಿ ಏನು ಬಂತು?"

ಆಮೇಲೆ ಅವಳು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದಳು. ನನ್ನನ್ನು ದಾವಣಗೆರೆಗೆ ಒಯ್ದ ದಿನ ಹಾಲಪ್ಪ ನಮ್ಮ ಮನೆಯ ಬಾಗಿಲಲ್ಲೇ ಕಾಲ್ಮರಿ ಬಿಟ್ಟು, ಬರಿಗಾಲಲ್ಲಿ ಗುಡ್ಡದ ಬೀರಪ್ಪನ ಹತ್ತಿರ ಹೋಗಿ ಹರಕೆ ಹೊತ್ತನಂತೆ. ನಾನು ನಡೆದು ಬೀರಪ್ಪನ ಬಾಗಿಲಿಗೆ ಬರುವವರೆಗೆ ಕಾಲಿಗೆ ಏನೂ ಮೆಟ್ಟುವುದಿಲ್ಲ ಎಂದು. ನನಗೆ ಹೇಳಬಾರದೆಂದು ಪಾರ್ವತಿಯಿಂದ ಆಣೆ ಹಾಕಿಸಿಕೊಂಡನಂತೆ. ಈಗ ಜಾಲಿಮುಳ್ಳು ನಟ್ಟು ಪಾದ ಬಾತಿದೆ. ಸಕ್ಕರೆ ಕಾಯಿಲೆಯೂ ಇದೆ. ಬರಿಗಾಲಲ್ಲಿ ಇನ್ನೊಂದು ಮುಳ್ಳು ತುಳಿದರೆ ಬೆರಳು ಉಳಿಯುವುದಿಲ್ಲ, ಆಮೇಲೆ ಪಾದದ ಮಾತು, ಎಂದಿದ್ದಾರೆ ಡಾಕ್ಟರು.

"ಆಣೆ ಮುರದೀನಿ. ಅದರ ಪಾಪ ನನಗೇ ಇರಲಿ" ಎಂದಳು. "ನೀವು ಹೋಗಿ ಮಾತಾಡ್ರಿ."

ನನ್ನ ಭಾಷಣ ನೆನಪಾಯಿತು. ದೇವರು ಎದ್ದು ನಿಲ್ಲಲಿ ಎಂದಿದ್ದೆನಲ್ಲ, ಆಗ ಕಾಲು ಒಳಕ್ಕೆಳೆದುಕೊಂಡು ಕೂತ ಒಬ್ಬ ಮನುಷ್ಯನೂ ನೆನಪಾದ.

ಹಟ್ಟಿಯಲ್ಲಿ ಅವನು ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದ. ಪಟ್ಟಿ ಸುತ್ತಿದ ಎಡ ಪಾದ ಕುಂಬಳಕಾಯಿಯಷ್ಟಿತ್ತು.

"ಯಾಕಲೇ ಹೇಳ್ಲಿಲ್ಲ?" ಎಂದೆ.

"ಹೇಳಿದ್ರ ಬರ್ತಿದ್ದಿ."

"ಬಂದ್ರ ಏನಾಕ್ಕಿತ್ತು?"

"ದಾಕ್ಷಿಣ್ಯಕ್ಕ ಬರ್ತಿದ್ದಿ. ಗುಡಿ ಮುಂದ ಹಲ್ಲು ಕಚಗೊಂಡು ಕೈ ಮುಗೀತಿದ್ದಿ. ನಿನಗ ಅದು ಸುಳ್ಳು, ನನಗ ಅದು ಪಾಪ. ಇಬ್ಬರಿಗೂ ಲುಕ್ಸಾನು." ಪಾದವನ್ನು ತುಸು ಸರಿಸಿಕೊಂಡು ಹೇಳಿದ: "ಕೂಡ್ಲಿಗ್ಯಾಗ ನಾಲ್ಕು ಮಂದಿ ಮುಂದ ಎದಿ ಉಬ್ಬಿಸಿ ದೇವರಿಲ್ಲ ಅನ್ನಾಂವ ನೀನು. ನನ್ನ ಸಲುವಾಗಿ ನಿನ್ನ ಮುಖ ಸಣ್ಣದಾಗಬಾರದು."

"ಅದಕ್ಕ ನಿನ್ನ ಕಾಲು ದೊಡ್ಡದು ಮಾಡ್ಕಂಡೇನು?"

ಅವನು ನಕ್ಕ. ನನಗೆ ನಗು ಬರಲಿಲ್ಲ. ತಂದಿದ್ದ ಕಾಲ್ಮರಿಯನ್ನು ಮುಂದಿಟ್ಟು, "ಮೊದಲು ಇದನ್ನ ಮೆಟ್ಟು. ನಿನ್ನ ದೇವರಿಗೆ ನಾನು ಉತ್ತರ ಹೇಳ್ತೀನಿ" ಎಂದೆ.

"ನೀ ಇಲ್ಲ ಅಂತಿ. ಇಲ್ಲದಾಂವಗ ಏನು ಉತ್ತರ ಹೇಳ್ತಿ? ಮಾತು ಕೊಟ್ಟಾಂವ ನಾನು."

ದೇವರ ಭಯವಿಲ್ಲದೆಯೂ ಮನುಷ್ಯ ಕೊಟ್ಟ ಮಾತಿಗೆ ನಿಲ್ಲಬಲ್ಲ ಎಂದು ಮೂವತ್ತೈದು ವರ್ಷ ತರಗತಿಯಲ್ಲಿ ಸಾರಿದ್ದೆ. ಈಗ ಕೊಟ್ಟ ಮಾತಿಗೆ ನಿಂತವನೊಬ್ಬ ಎದುರಿಗೆ ಕೂತಾಗ, 'ದೇವರಿಗೆ ತಾನೆ ಕೊಟ್ಟದ್ದು, ಮುರಿದರೆ ನಡೆಯುತ್ತದೆ' ಎಂದು ಬೋಧಿಸಲು ಹೊರಟಿದ್ದೆ. ನಾನು ತಲೆ ಕೆರೆದುಕೊಂಡು ಬೇರೆ ದಾರಿ ಹಿಡಿದೆ.

"ಬೀರಪ್ಪನ ಹತ್ರ ನನಗೇನು ಬೇಡಿಕೊಂಡಿದ್ದಿ?"

"ನಿನ್ನ ಕಾಲಮ್ಯಾಲೆ ನೀನು ನಡದು ಅವನ ಬಾಗಿಲಿಗೆ ಬರಲಿ ಅಂತ."

"ಬಂದು ಕೈ ಮುಗೀಲಿ ಅಂತ ಬೇಡಿದ್ದೇನು?"

"ಒಮ್ಮಿಗೇ ಎರಡು ಬೇಡಬಾರದು. ಅದ್ರಾಗೂ ನಿನಗ ಭಕ್ತಿ ಕೊಡು ಅಂದ್ರ, ಪಾಪ, ಅವನಿಗೂ ಕಷ್ಟ."

"ಹಂಗಾರ ಬರ್ತೀನಿ. ಕೈ ಮುಗಿಯಂಗಿಲ್ಲ. ಬಂದು ನಿಂದ್ರತೀನಿ, ಅಷ್ಟ."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಎಂಟು ವರ್ಷದವನಿದ್ದಾಗ ನನ್ನ ಕಣ್ಣು ಅಗಲಿಸಿ ನೋಡಿದ್ದು ಹೀಗೆಯೇ.

"ಸುಳ್ಳು ಮಾಡಬಾರದು ಮತ್ತ."

"ಮಾಡಂಗಿಲ್ಲ."

"ಆಣಿ?"

"ಯಾರಮ್ಯಾಲೆ ಹಾಕಲೋ? ನನಗ ಅಂಥವ್ರು ಯಾರೂ ಇಲ್ಲ."

"ನನ್ನಮ್ಯಾಲೆ ಹಾಕು."

ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಹೊರಟೆವು. ಹಟ್ಟಿಯಿಂದ ಗುಡ್ಡದ ಬುಡಕ್ಕೆ ಮೂರು ಕಿಲೋಮೀಟರು. ಹಾಲಪ್ಪ ನಡೆಯುವಂತಿರಲಿಲ್ಲ, ನಾನು ನಡೆಯದಿರುವಂತಿರಲಿಲ್ಲ. ಇಬ್ಬರನ್ನೂ ಕೂಡಿಸಿದರೆ ಎರಡು ಒಳ್ಳೆಯ ಕಾಲು. ಅವನನ್ನು ಆಟೋದಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಕಾಲೆಳೆಯುತ್ತ ನಡೆದೆ. ಆಟೋದವನು ಎರಡು ಸಲ ತಲೆ ಹೊರಗೆ ಹಾಕಿ, "ಇಬ್ರೂ ಕುಂದರ್ರಿ ಯಜಮಾನ್ರ, ಐದು ನಿಮಿಷದಾಗ ಒಗಿತೀನಿ" ಎಂದು ಅಂಗಲಾಚಿದ. ಮೂರನೆಯ ಸಲ ನಮ್ಮಿಬ್ಬರ ಮುಖ ನೋಡಿ ತಲೆ ಒಳಗೆಳೆದುಕೊಂಡ.

ಒಂದು ಕಡೆ ನನಗೆ ಉದಾತ್ತ ವಿಚಾರವೊಂದು ಹೊಳೆಯಿತು. ಅವನು ಒಂದೂವರೆ ವರ್ಷ ಬರಿಗಾಲು. ನಾನೂ ಇಷ್ಟು ದೂರವನ್ನಾದರೂ ಬರಿಗಾಲಲ್ಲಿ ನಡೆಯಬೇಕು. ಚಪ್ಪಲಿ ಕೈಗೆ ತೆಗೆದುಕೊಂಡೆ. ಹತ್ತನೆಯ ಹೆಜ್ಜೆಗೆ ನೆಗ್ಗಿಲುಮುಳ್ಳು ನಟ್ಟಿತು. ಹನ್ನೊಂದನೆಯ ಹೆಜ್ಜೆಗೆ ಚಪ್ಪಲಿ ಮತ್ತೆ ಕಾಲಲ್ಲಿತ್ತು.

"ಭಾಳ ದೂರ ಬಂದಿ" ಎಂದ ಹಾಲಪ್ಪ ಆಟೋದೊಳಗಿಂದ.

ಬಿಸಿಲು ಏರುತ್ತಿತ್ತು. ಶೇಂಗಾ ಕಿತ್ತ ಹೊಲಗಳು ಖಾಲಿಯಾಗಿ ಮಲಗಿದ್ದವು. ದೂರದ ಬಂಡೆಗಳು ಯಾರೋ ಗುಂಪಾಗಿ ಕೂತು ನಮ್ಮ ಬಗ್ಗೆಯೇ ಮಾತಾಡುತ್ತಿರುವಂತೆ ಕಾಣುತ್ತಿದ್ದವು. ದಣಿವಿಗೋ ಏನೋ, ನಾನು ಕಣ್ಣು ಅರ್ಧ ಮುಚ್ಚಿಯೇ ನಡೆಯುತ್ತಿದ್ದೆ. ರೆಪ್ಪೆಯೊಳಗೆ ಅದೇ ಕೆಂಪು. ಪಕ್ಕದಿಂದ ಅದೇ ದನಿ, ಈಗ ಸ್ವಲ್ಪ ಗೊಗ್ಗರು: "ಎಡಕ್ಕ ಬಾ, ಕಲ್ಲೈತಿ. ಕಾಲೆತ್ತು." ತಂಬ್ರಹಳ್ಳಿ ಎಲ್ಲಿ ಮುಗಿದು ಈ ಗುಡ್ಡ ಎಲ್ಲಿ ಸುರುವಾಯಿತೋ ನನಗೆ ತಿಳಿಯಲಿಲ್ಲ. ನಡುವಿನ ಅರವತ್ತು ವರ್ಷ ಯಾರೋ ಕೈ ಹಿಡಿದು ದಾಟಿಸಿದ ಒಂದು ಕಾಲುವೆಯಂತೆ ಅನ್ನಿಸಿತು.

ಬೀರಪ್ಪನ ಗುಡಿ ಗುಡ್ಡದ ಬುಡದಲ್ಲೇ, ಬೇವಿನ ಮರದ ಕೆಳಗೆ. ಗುಡಿ ಎಂದರೆ ಒಂದು ಕಲ್ಲಿನ ಕೋಣೆ, ಒಂದು ಬಾಗಿಲು, ಒಳಗೆ ಭಂಡಾರದ, ಅಂದರೆ ಅರಿಸಿನ ಪುಡಿಯ, ಹಳದಿ. ನಾನು ಚಪ್ಪಲಿ ಬಿಟ್ಟು ಹೊಸ್ತಿಲ ಮುಂದೆ ಹೋಗಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ಪ್ರಾರ್ಥನೆಯ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ನಿಲ್ಲುತ್ತಿದ್ದಂತೆ ನಿಂತೆ. ಕೈ ಬೆನ್ನ ಹಿಂದಿದ್ದರೆ ಅಪ್ಪಿತಪ್ಪಿ ಮುಗಿದುಹೋಗುವ ಅಪಾಯವಿಲ್ಲ. ಹಾಲಪ್ಪ ಆಟೋದಿಂದ ಇಳಿದು, ಕುಂಟುತ್ತ ಬಂದು ಒಳಗಿನ ಕತ್ತಲೆಗೆ ಹೇಳಿದ: "ಬಂದಾನ ನೋಡಪ್ಪ. ನಡಕೋಂತ ಬಂದಾನ."

ವಯಸ್ಸಾದ ಪೂಜಾರಿ ಭಂಡಾರದ ಬಟ್ಟಲು ಹಿಡಿದು ಹೊರಗೆ ಬಂದ. "ಹರಕಿ ಮುಗೀತು. ಇನ್ನ ಮೆಟ್ಟಬೌದು" ಎಂದು, ನನ್ನ ಕಡೆ ತಿರುಗಿ, "ಹೊತ್ತಾಂವ ತಾನ ಮೆಟ್ಟಂಗಿಲ್ರಿ. ಯಾರ ಸಲುವಾಗಿ ಹೊತ್ತಾನೋ ಅವ್ರು ಮೆಟ್ಟಿಸಬೇಕು. ಮೊದ್ಲಿಂದ ಹಂಗ ಐತಿ" ಎಂದ. ಮತ್ತೆ ಒಳಗೆ ಹೋದ.

ಹಾಲಪ್ಪ ಗಾಬರಿಯಾದ. "ಬ್ಯಾಡ ಬ್ಯಾಡ. ಇದು ನನಗ ಗೊತ್ತಿರಲಿಲ್ಲ, ದೇವ್ರಾಣಿ. ನೀ ನನ್ನ ಕಾಲು ಮುಟ್ಟಬ್ಯಾಡ. ನಾನ ಮೆಟ್ಟಿಕೊಂತೀನಿ, ಅವನು ಆ ಕಡೆ ಹೋಗ್ಯಾನ."

"ದೇವರೂ ಆ ಕಡೆ ಹೋಗ್ಯಾನೇನು? ಸುಮ್ಮನ ಕುಂದ್ರಲೇ" ಎಂದೆ.

ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಅವನನ್ನು ಕೂರಿಸಿ ನಾನು ಕೆಳಗೆ ಕೂತೆ. ಎಡಗಾಲು ಹೇಳಿದಂತೆ ಕೇಳುವುದಿಲ್ಲವಾದ್ದರಿಂದ ಕೂತದ್ದು ಅನ್ನುವುದಕ್ಕಿಂತ ಬಿದ್ದದ್ದು ಅನ್ನಬೇಕು; ಎರಡು ಮೊಣಕಾಲೂ ನೆಲಕ್ಕೆ ಹತ್ತಿದವು. ಚೀಲದಿಂದ ಕಾಲ್ಮರಿ ತೆಗೆದೆ. ಪಾರ್ವತಿ ಒಳಗೆ ಮೆತ್ತಗಿರಲೆಂದು ಹಳೆ ಕಂಬಳಿಯ ತುಂಡು ಹೊಲಿದಿದ್ದಳು. ಬಾತ ಪಾದ ಒಳಗೆ ಹೋಗಲಿಲ್ಲ. ಪಟ್ಟಿ ಸಡಿಲಿಸಿದೆ, ಹೆಬ್ಬೆರಳನ್ನು ಉಂಗುಟದ ಚರ್ಮದ ಬಳೆಗೆ ಮೆಲ್ಲಗೆ ತೂರಿಸಿದೆ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕೂರಿಸಿದೆ. ಒಂದೂವರೆ ವರ್ಷದ ಕಲ್ಲು, ಮುಳ್ಳು, ಬಿಸಿಲು ಎಲ್ಲ ಆ ಹಿಮ್ಮಡಿಯಲ್ಲಿ ಕೈಗೆ ಸಿಗುತ್ತಿತ್ತು. ಸರಿಯಾಗಿ ಕಾಣಿಸಲಿಲ್ಲ. ತಲೆ ಇನ್ನಷ್ಟು ಬಗ್ಗಿಸಿದೆ. ಹಣೆ ಅವನ ಪಾದಕ್ಕೆ ತಾಗುವಷ್ಟು.

ಅದೇ ಹೊತ್ತಿಗೆ ಹೊರಗೆ ಬಂದ ಪೂಜಾರಿ, ಹೊಸ್ತಿಲಲ್ಲಿ ಮಂಡಿಯೂರಿ ತಲೆಬಾಗಿದ ಮುದುಕನನ್ನು ಕಂಡು, ಬಟ್ಟಲಿನಿಂದ ಒಂದು ಹಿಡಿ ಭಂಡಾರ ತೆಗೆದು ಸಂತೋಷದಿಂದ ನನ್ನ ತಲೆ, ಬೆನ್ನಿನ ಮೇಲೆಲ್ಲ ಎರಚಿದ. "ಭಾಳ ಚಲೋ ಆತು! ಮಾಸ್ತರೂ ಬಗ್ಗಿದ್ರು!" ಎಂದ.

ನಾನು ತಲೆಯೆತ್ತಿ ಏನಾದರೂ ಹೇಳಬೇಕಿತ್ತು. ಇನ್ನೊಂದು ಕಾಲ್ಮರಿಗೆ ಕೈ ಹಾಕಿದೆ. ಹಾಲಪ್ಪ ಒಂದು ಕೈಯಿಂದ ನನ್ನ ತಲೆಯ ಹಳದಿಯನ್ನು ಒರೆಸುತ್ತ, ನನ್ನ ಮೇಲಿಂದ ಗುಡಿಯ ಒಳಗೆ ನೋಡಿ, ಪೂಜಾರಿಗಲ್ಲ, ಅದಕ್ಕೂ ಮೇಲಿನವನಿಗೆ ಜೋರಾಗಿ ಹೇಳಿದ:

"ತಪ್ಪು ತಿಳಕಬ್ಯಾಡಪ್ಪ ಬೀರಪ್ಪ! ಅಂವ ಬಗ್ಗಿದ್ದು ನಿನಗಲ್ಲ. ನನ್ನ ಕಾಲಿಗೆ!"

ನನ್ನ ಇಷ್ಟು ವರ್ಷದ ನಾಸ್ತಿಕತೆಯ ಪರವಾಗಿ ದೇವರ ಎದುರಿಗೆ ಹೋಗಿ ವಕಾಲತ್ತು ವಹಿಸಿದವನು ಅವನೊಬ್ಬನೇ. ಒಳಗಿನಿಂದ ಆಕ್ಷೇಪಣೆಯೇನೂ ಬರಲಿಲ್ಲ.

ಇಗೋ, ಸದ್ದು ಬಾಗಿಲಿಗೆ ಬಂದು ನಿಂತಿತು. ಮೊದಲು ಬಲಗಾಲಿನದು, ಸ್ವಲ್ಪ ತಡೆದು ಎಡಗಾಲಿನದು. ಈಗೀಗ ಎಡಗಾಲನ್ನು ಬಿಡಿಸುವುದು ಅವನಿಗೆ ತುಸು ಕಷ್ಟ. "ಲೇ, ಎದ್ದೀಯೇನು?" ಎನ್ನುತ್ತಾನೆ. ನಾನು ಪತ್ರಿಕೆ ಮಡಿಚಿಟ್ಟು, ಪಡಸಾಲೆ ದಾಟಿ, ಹೊರಗೆ ಹೋಗಿ ನೋಡುತ್ತೇನೆ. ದಿನಾ ನೋಡುತ್ತೇನೆ. ಎರಡೂ ಇವೆ.